ಹುಚ್ಚು, ಹುಚ್ಚ, ಹುಚ್ಚಿ: ಈ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದ ಇದು. ಆದರೂ ಇದರ ಬಗ್ಗೆ ನನ್ನ ಹತ್ತಿರ ಕೇಳುವವರು ಜಾಸ್ತಿ. ಅನ್ನಬಹುದಾ, ಅನ್ನಬಾರದಾ? ಬೈಗುಳವಾ, ಮುದ್ದಾ? ಒಂದೊಂದೇ ಹೇಳುತ್ತಾ ಹೋಗುತ್ತೇನೆ. ನಮ್ಮ ದೊಡ್ಡಮ್ಮನ ವಿಷಯ ಅಲ್ಲಲ್ಲಿ ಬರುತ್ತದೆ, ಯಾಕೆಂದರೆ ನಾನು ಈ ಪದದ ಬಗ್ಗೆ ಯೋಚಿಸಲು ಶುರು ಮಾಡಿದ್ದೇ ಅವರಿಂದ.

ಹುಚ್ಚು ಅಂದರೆ ಸರಿಯಾಗಿ ಏನು?

ಮೊದಲ ಅರ್ಥ ಎಲ್ಲರಿಗೂ ಗೊತ್ತು. ಬುದ್ಧಿ ಸ್ಥಿಮಿತದಲ್ಲಿಲ್ಲದೆ ಇರುವುದು. ಆದರೆ ಕನ್ನಡದಲ್ಲಿ ಈ ಪದ ಅಲ್ಲಿಗೇ ನಿಲ್ಲುವುದಿಲ್ಲ. ಅಳತೆ ಮೀರಿದ್ದು, ಹಿಡಿತಕ್ಕೆ ಸಿಗದ್ದು, ಲೆಕ್ಕ ಹಾಕದೆ ಮಾಡಿದ್ದು, ಎಲ್ಲದಕ್ಕೂ ಇದೇ ಪದ. ಕ್ರಿಕೆಟ್ ಹುಚ್ಚು, ಓದುವ ಹುಚ್ಚು, ಹುಚ್ಚು ಧೈರ್ಯ, ಹುಚ್ಚು ಪ್ರೀತಿ. ಮಳೆಗಾಲದಲ್ಲಿ ಕೆಂಪು ನೀರು ಹೊತ್ತು ದಡ ಮೀರಿ ಬರುವುದು ಹುಚ್ಚು ಹೊಳೆ. ಜಾತ್ರೆಯಲ್ಲಿ ತಮಟೆ ಸದ್ದಿಗೆ ಜನ ಹುಚ್ಚೆದ್ದು ಕುಣಿಯುತ್ತಾರೆ. ಇದರಲ್ಲಿ ಕಾಯಿಲೆ ಎಲ್ಲಿದೆ? ಎಲ್ಲೂ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಆಕಾಶಕ್ಕೆ ದುರ್ಬೀನು ಹಿಡಿಯುವ ಹುಡುಗನಿಗೆ "ನಕ್ಷತ್ರದ ಹುಚ್ಚು" ಅಂದರೆ ಅದರಲ್ಲಿ ಅರ್ಧ ಮೆಚ್ಚುಗೆಯೇ ಇರುತ್ತದೆ.

"ಹುಚ್ಚು" ಮತ್ತು "ಹುಚ್ಚ" ಒಂದೇ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಾದರೆ ಇದನ್ನು ಓದಿ.

"ಅವನಿಗೆ ಹುಚ್ಚು ಹಿಡಿದಿದೆ" ಅನ್ನುವ ಮಾತನ್ನು ನೋಡಿ. ಅವನಿಗೆ, ಹಿಡಿದಿದೆ. ಅವನು ಬೇರೆ, ಹುಚ್ಚು ಬೇರೆ. ಹೊರಗಿನಿಂದ ಬಂದು ಹಿಡಿದದ್ದು, ಒಂದು ದಿನ ಬಿಡಲೂಬಹುದು. ಜ್ವರ ಬರುತ್ತೆ, ನೆಗಡಿ ಹಿಡಿಯುತ್ತೆ, ಹುಚ್ಚು ಹಿಡಿಯುತ್ತೆ, ಹುಚ್ಚು ಬಿಡುತ್ತೆ. ಕನ್ನಡ ಇದನ್ನು ಬೇರೆ ಕಾಯಿಲೆಗಳ ಸಾಲಿನಲ್ಲೇ ಕೂರಿಸಿದೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ, ಏಕೆಂದರೆ ಈಗಿನ ಡಾಕ್ಟರುಗಳು ಒತ್ತಿ ಹೇಳುವ ಮಾತನ್ನೇ ನಮ್ಮ ಅಜ್ಜಿಯರ ವಾಕ್ಯ ಯಾವ ಡಿಗ್ರಿಯೂ ಇಲ್ಲದೆ ಹೇಳುತ್ತಿತ್ತು.

ಈಗ ಇನ್ನೊಂದು. "ಅವನು ಹುಚ್ಚ." ಕೊನೆಯ ಉಕಾರ ಹೋಗಿ ಅಕಾರ ಬಂತು, ಅಷ್ಟೇ. ಆದರೆ ಹಿಡಿದದ್ದು ಹೋಗಿ ಮನುಷ್ಯನೇ ಅದಾಗಿಬಿಟ್ಟ. ಕುರುಡು–ಕುರುಡ, ಕಿವುಡು–ಕಿವುಡ, ಕುಂಟು–ಕುಂಟ, ಎಲ್ಲಾ ಇದೇ ಅಚ್ಚು. ಜ್ವರ ಬಂದವನನ್ನು ಯಾರೂ "ಏ ಜ್ವರ" ಅಂತ ಕೂಗುವುದಿಲ್ಲ. ಜ್ವರ ಬಿಟ್ಟ ಮೇಲೆ ಅವನು ಮತ್ತೆ ಬರೀ ರಾಮಣ್ಣ. ಹುಚ್ಚ ಅನ್ನಿಸಿಕೊಂಡವನಿಗೆ ಹುಚ್ಚು ಬಿಟ್ಟರೂ ಹೆಸರು ಬಿಡುವುದಿಲ್ಲ.

ನಮ್ಮ ದೊಡ್ಡಮ್ಮನಿಗೆ ಆಗಿದ್ದು ಇದೇ. ಎರಡನೇ ಹೆರಿಗೆಯಾದ ಎಂಟನೇ ದಿನಕ್ಕೆ ಅವರು ನಿದ್ದೆ ಬಿಟ್ಟರು. ಮಗುವಿಗೆ ಹಾಲು ಕೊಡಲ್ಲ ಅಂದರು, ಈ ಮಗು ನನ್ನದಲ್ಲ ಅಂದರು, ಬೆಳಗಿನ ಜಾವ ಬಾವಿ ಕಟ್ಟೆ ಮೇಲೆ ಕೂತು ಯಾರ ಜೊತೆಗೋ ಮಾತಾಡುತ್ತಿದ್ದರು. ದೊಡ್ಡಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದರು. ಮೂರು ತಿಂಗಳಲ್ಲಿ ವಾಪಸ್ ಬಂದು ಅದೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಾಗಿ ಬೀಸುತ್ತಿದ್ದರು. ಮತ್ತೆ ಆ ಕಾಯಿಲೆ ಬರಲೇ ಇಲ್ಲ. ಕಾಯಿಲೆ ಇದ್ದದ್ದು ಮೂರು ತಿಂಗಳು. ಊರಲ್ಲಿ "ಹುಚ್ಚಿ ಮನೆ" ಅಂತ ಹೆಸರಿದ್ದದ್ದು ಮೂವತ್ತು ವರ್ಷಕ್ಕೂ ಮೇಲೆ.

ಅವರಿಗೆ ಬಂದದ್ದು ಏನು ಕಾಯಿಲೆ?

ಹಳ್ಳಿ ಮಾತಿನಲ್ಲಿ ಬಾಣಂತಿ ಸನ್ನಿ. ಸನ್ನಿ ಅನ್ನುವುದು ಸನ್ನಿಪಾತದಿಂದ ಬಂದ ಪದ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಟ್ಟರೆ ಆಯುರ್ವೇದದಲ್ಲಿ ಹಾಗೆನ್ನುತ್ತಾರೆ. ಈಗಿನ ಡಾಕ್ಟರುಗಳು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅನ್ನುತ್ತಾರೆ. ಸಾವಿರ ಹೆರಿಗೆಯಲ್ಲಿ ಒಬ್ಬರು ಇಬ್ಬರಿಗೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ. ದಿಢೀರ್ ಅಂತ ಬರುತ್ತದೆ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ಇರುತ್ತದೆ. ಆದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚೆನ್ನಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಇರುವುದರಿಂದ ಡಾಕ್ಟರಿಗೆ ಮೊದಲೇ ಹೇಳಿರಬೇಕು. ಬೇವಿನ ಸೊಪ್ಪಿನಲ್ಲಿ ಹೊಡೆಯುವುದು, ಕೋಣೆಗೆ ಹಾಕಿ ಚಿಲಕ ಹಾಕುವುದು ಎರಡೂ ಬೇಡ.

ಹುಚ್ಚೆಳ್ಳಿಗೆ ಆ ಹೆಸರು ಯಾಕೆ? ತಿಂದರೆ ಏನಾದರೂ ಆಗುತ್ತಾ?

ಏನೂ ಆಗುವುದಿಲ್ಲ, ಧೈರ್ಯವಾಗಿ ತಿನ್ನಿ. ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಅನ್ನುವುದು ಇದನ್ನೇ. ರೊಟ್ಟಿ ಜೊತೆ ಅದರ ಚಟ್ನಿಪುಡಿ, ಮೇಲೊಂದಿಷ್ಟು ಎಣ್ಣೆ ಅಥವಾ ಮೊಸರು. ಇದರ ಮೂಲ ಇಥಿಯೋಪಿಯಾ, ಸೂರ್ಯಕಾಂತಿಯ ಬಳಗದ ಗಿಡ. ಎಳ್ಳಿಗೂ ಇದಕ್ಕೂ ಗಿಡದ ಲೆಕ್ಕದಲ್ಲಿ ನಂಟಿಲ್ಲ. ನೋಡಲು ಎಳ್ಳಿನ ಹಾಗಿದ್ದೂ ಎಳ್ಳಲ್ಲದ್ದು, ಅದಕ್ಕೇ ಮುಂದೆ "ಹುಚ್ಚು" ಸೇರಿಕೊಂಡಿತು ಅಂತ ನನ್ನ ಅನಿಸಿಕೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಸಾಸಿವೆ ಜೊತೆ ಹುಚ್ಚೆಳ್ಳನ್ನೂ ಹಾಕುತ್ತಾರೆ. ಹಸಿರು ರಾಗಿಯ ನಡುವೆ ಹಳದಿ ಗೆರೆ ಎಳೆದ ಹಾಗೆ ಹೂ ಬಿಡುತ್ತದೆ, ಅದರ ತುಂಬಾ ಜೇನು.

ಹುಚ್ಚಾಪಟ್ಟೆ ಅಂದರೆ?

ಲಂಗುಲಗಾಮಿಲ್ಲದೆ, ಸಿಕ್ಕಾಪಟ್ಟೆ. ಟೊಮೆಟೊ ಬೆಲೆ ಹುಚ್ಚಾಪಟ್ಟೆ ಏರುತ್ತದೆ, ಹುಡುಗರು ಬೈಕನ್ನು ಹುಚ್ಚಾಪಟ್ಟೆ ಓಡಿಸುತ್ತಾರೆ. ಯಾರಿಗೂ ನೋವಾಗದ ಪದ. ಧಾರಾಳವಾಗಿ ಬಳಸಿ.

ದೇವರಿಗೇ ಹುಚ್ಚುರಾಯ ಅಂತ ಹೆಸರಿದೆಯಂತೆ, ನಿಜವಾ?

ನಿಜ. ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಆಂಜನೇಯ ಸ್ವಾಮಿಗೆ ಹುಚ್ಚುರಾಯ ಅಂತಲೇ ಹೆಸರು. ಸಂಸ್ಕೃತದಲ್ಲಿ ಹೇಳುವಾಗ ಭ್ರಾಂತೇಶ. ಸಾತೇನಹಳ್ಳಿಯಲ್ಲಿ ಶಾಂತೇಶ, ಕದರಮಂಡಲಗಿಯಲ್ಲಿ ಕಾಂತೇಶ, ಶಿಕಾರಿಪುರದಲ್ಲಿ ಭ್ರಾಂತೇಶ. ಮೂವರನ್ನೂ ಒಂದೇ ದಿನ ಸೂರ್ಯ ಮುಳುಗುವುದರೊಳಗೆ ನೋಡಿ ಬಂದರೆ ಒಳ್ಳೆಯದು ಅಂತ ಆ ಕಡೆ ನಂಬಿಕೆ. ಊರಿನ ಕೆರೆಯೂ ಹುಚ್ಚರಾಯನ ಕೆರೆ. ಆ ಸೀಮೆಯಲ್ಲಿ ಹುಚ್ಚರಾಯಪ್ಪ ಅಂತ ಹೆಸರಿಟ್ಟುಕೊಂಡವರು ತಲೆ ಎತ್ತಿ ಓಡಾಡುತ್ತಾರೆ. ಅವರು ಬೆಂಗಳೂರಿಗೆ ಬಂದು ಯಾವುದೋ ಕೌಂಟರಿನಲ್ಲಿ ಹೆಸರು ಹೇಳಿದಾಗ ಒಳಗೆ ಕೂತವರು ಕಿಸಕ್ಕನೆ ನಗುವುದನ್ನು ನಾನೇ ನೋಡಿದ್ದೇನೆ. ಅವರು ಹೇಳುತ್ತಿರುವುದು ತಮ್ಮ ಮನೆದೇವರ ಹೆಸರು.

ಹುಚ್ಚಮ್ಮ, ಹುಚ್ಚೇಗೌಡ, ಹುಚ್ಚಯ್ಯ ಅಂತೆಲ್ಲ ಮಕ್ಕಳಿಗೆ ಯಾಕೆ ಇಡುತ್ತಿದ್ದರು?

ಒಂದು ಕಾರಣ ಮನೆದೇವರು. ಇನ್ನೊಂದು ಕಾರಣ ಕೇಳಿದರೆ ಹೊಟ್ಟೆ ಕಿವುಚುತ್ತದೆ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಹೋಗಿಬಿಡುತ್ತಿದ್ದ ಕಾಲದಲ್ಲಿ, ಉಳಿದ ಮಗುವಿನ ಮೇಲೆ ಯಾರ ಕಣ್ಣೂ ಬೀಳದಿರಲಿ ಅಂತ ಬೇಕೆಂದೇ ಬೇಡದ ಹೆಸರು ಇಡುತ್ತಿದ್ದರು. ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ. ಹಾಗೆಯೇ ಹುಚ್ಚ, ಗುಂಡ. ಇದು ಯಾರಿಗೂ ಬೇಡದ ಮಗು, ಇದನ್ನಾದರೂ ನಮಗೆ ಬಿಟ್ಟುಬಿಡು ಅಂತ ಸಾವಿನ ಹತ್ತಿರ ಬೇಡಿಕೊಂಡ ಹಾಗೆ. ಆ ಹೆಸರನ್ನು ಕೇಳಿ ನಗುವ ಮೊದಲು ಅದರ ಹಿಂದೆ ಎಷ್ಟು ತೊಟ್ಟಿಲು ಬರಿದಾಗಿತ್ತೋ ನೆನೆಸಿಕೊಳ್ಳಿ.

ಮರುಳು, ತಿಕ್ಕಲು, ಮಳ್ಳು ಇವೆಲ್ಲ ಒಂದೇನಾ?

ಹತ್ತಿರದವು, ಆದರೆ ಒಂದೇ ಅಲ್ಲ. ಮರುಳು ಅಂದರೆ ಮೋಡಿಗೆ ಸಿಕ್ಕಿದ್ದು. ಮಾತಿಗೆ ಮರುಳಾಗುತ್ತಾರೆ, ರೂಪಕ್ಕೆ ಮರುಳಾಗುತ್ತಾರೆ. "ಜನ ಮರುಳೋ ಜಾತ್ರೆ ಮರುಳೋ" ಅನ್ನುವಾಗ ಯಾರನ್ನೂ ಆಸ್ಪತ್ರೆಗೆ ಸೇರಿಸುವ ಯೋಚನೆ ಇರುವುದಿಲ್ಲ. ಈ ಪದಕ್ಕೆ ಒಂದು ಗೌರವವೂ ಇದೆ. ಉಜ್ಜಿನಿಯ ಮರುಳಸಿದ್ಧರ ಹೆಸರಿನಲ್ಲಿದೆ. ಶರಣರ ಕಥೆಯಲ್ಲಿ ಮರುಳಶಂಕರದೇವ ಬರುತ್ತಾರೆ. ಕಲ್ಯಾಣದಲ್ಲಿ ಎಲ್ಲರ ಕಣ್ಣಿಗೂ ಮರುಳನ ಹಾಗೆ ಕಾಣುತ್ತಾ ವರ್ಷಗಟ್ಟಲೆ ಇದ್ದವರು ಅವರು, ಗುರುತು ಹಿಡಿದದ್ದು ಅಲ್ಲಮ. ನೋಡುವ ಕಣ್ಣಿದ್ದರೆ ಮಾತ್ರ ಕಾಣುತ್ತದೆ ಅನ್ನುವುದು ಆ ಕಥೆಯೊಳಗೇ ಇದೆ.

ತಿಕ್ಕಲು ಅಂದರೆ ಸ್ವಭಾವದ ಸೊಟ್ಟ. ಇವತ್ತು ನಗುತ್ತಾನೆ, ನಾಳೆ ಮಾತೇ ಆಡಲ್ಲ, ಅಂಥವನಿಗೆ. ಮಳ್ಳು ಅನ್ನುವುದು ಉತ್ತರ ಕನ್ನಡದ ಕಡೆ ಹೆಚ್ಚುಕಡಿಮೆ ಹುಚ್ಚಿಗೇ ಸಮ. ಹಳೇ ಮೈಸೂರಿನ ಕಡೆ ಮಳ್ಳಿ ಅಂದರೆ ಏನೂ ಗೊತ್ತಿಲ್ಲದ ಹಾಗೆ ನಟಿಸುವವಳು. "ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಲಂತೆ" ಗಾದೆ ಕೇಳಿದ್ದೀರಲ್ಲ? ಎಣಿಕೆ ಸರಿಯಾಗಿಯೇ ಇದೆ ನೋಡಿ. ತುಳುವಿನಲ್ಲಿ ಮರ್ಲ್ ಅನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆ ಗೆಳೆಯರ ನಡುವೆ "ಏ ಹುಚ್ಚಪ್ಯಾಲಿ" ಅಂದರೆ ಸಲುಗೆ. ಗುರುತಿಲ್ಲದವರಿಗೆ ಅಂದರೆ ಜಗಳ.

ಮೆಂಟಲ್, ಲೂಸು?

ಮೆಂಟಲ್ ಅಂದರೆ ಬರೀ ಮನಸ್ಸಿಗೆ ಸಂಬಂಧಿಸಿದ್ದು ಅಂತ. ಅದನ್ನೇ ಬೈಗುಳ ಮಾಡಿಕೊಂಡಿದ್ದರಿಂದ "ಮೆಂಟಲ್ ಹೆಲ್ತ್" ಅನ್ನುವ ಬೋರ್ಡ್ ಇರುವ ಬಾಗಿಲಿಗೆ ಹೋಗಲು ಜನ ಹಿಂಜರಿಯುತ್ತಾರೆ. ಎರಡೂ ಬೇಡ.

ಮಗುವಿಗೆ ಮುದ್ದಿನಿಂದ "ಹುಚ್ಚಪ್ಪ", "ಹುಚ್ಚುಮುಂಡೇದೇ" ಅಂದರೆ ತಪ್ಪಾ?

ಅಮ್ಮ ತಲೆ ನೇವರಿಸುತ್ತಾ "ಹುಚ್ಚಪ್ಪಾ, ಇಷ್ಟಕ್ಕೆಲ್ಲ ಅಳ್ತಾರಾ" ಅಂದರೆ ಆ ಮಗುವಿಗೆ ಅದು ಪ್ರೀತಿ ಅಂತ ಗೊತ್ತಿರುತ್ತದೆ. ಅದನ್ನು ತಿದ್ದಲು ನಾನು ಹೋಗುವುದಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವರ ಎದುರಿಗೆ ಆಡುವ ತಮಾಷೆಯೂ ಚುಚ್ಚುತ್ತದೆ. ನಮ್ಮ ದೊಡ್ಡಮ್ಮ ಮೊಮ್ಮಕ್ಕಳಿಗೆ ಎಲ್ಲಾ ಬೈಯುತ್ತಿದ್ದರು. ಕತ್ತೆ, ಕೋತಿ, ಮಂಗ ಎಲ್ಲಾ. ಈ ಒಂದು ಪದ ಮಾತ್ರ ಅವರ ಬಾಯಲ್ಲಿ ನಾನು ಕೇಳಿಲ್ಲ.

ಹುಚ್ಚು ನಾಯಿ ಅನ್ನುವುದೂ ಬೇಡವಾ?

ಅನ್ನಿ, ಆದರೆ ಅರ್ಥ ಗೊತ್ತಿರಲಿ. ಅದು ರೇಬಿಸ್ ವೈರಸ್ ತಗುಲಿದ ನಾಯಿ. ಎಲ್ಲಾ ರೇಬಿಸ್ ನಾಯಿಗಳೂ ಜೊಲ್ಲು ಸುರಿಸುತ್ತಾ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮಂಕಾಗಿ ಮೂಲೆ ಹಿಡಿದು ಕೂರುತ್ತವೆ. "ಅದೇನು ಹುಚ್ಚು ನಾಯಿಯ ಹಾಗೆ ಇರಲಿಲ್ಲ, ಸುಮ್ನೆ ಕಚ್ಚಿತು" ಅಂತ ಬಿಟ್ಟುಬಿಡುವುದು ಇದಕ್ಕೇ ಅಪಾಯ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಚುಚ್ಚುಮದ್ದು ಶುರು ಮಾಡಿಸಿ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ.

ಅಮಾವಾಸ್ಯೆ, ಹುಣ್ಣಿಮೆಗೆ ಹುಚ್ಚು ಜಾಸ್ತಿ ಆಗುತ್ತಾ?

ಹಾಗಂತ ಸಾಬೀತಾಗಿಲ್ಲ. ಈ ನಂಬಿಕೆ ನಮ್ಮದು ಮಾತ್ರ ಅಲ್ಲ. ಇಂಗ್ಲಿಷಿನ ಲೂನಟಿಕ್ ಅನ್ನುವ ಪದ ಹುಟ್ಟಿದ್ದೇ ಚಂದ್ರನ ಲ್ಯಾಟಿನ್ ಹೆಸರಾದ ಲೂನಾದಿಂದ. ಕಾಯಿಲೆ ಕೆರಳಿದರೆ ಪಂಚಾಂಗ ತೆಗೆಯುವ ಮೊದಲು ಎರಡು ಕೇಳಿ: ರಾತ್ರಿ ನಿದ್ದೆ ಆಗಿದೆಯಾ, ಮಾತ್ರೆ ತಪ್ಪಿದೆಯಾ.

ಹುಚ್ಚಾಸ್ಪತ್ರೆ ಅನ್ನಬಹುದಾ? ಎಲ್ಲರೂ ಹಾಗೇ ಅನ್ನುತ್ತಾರಲ್ಲ.

ಒಂದು ಕಾಲದಲ್ಲಿ ಸರ್ಕಾರವೇ ಹಾಗೆ ಅನ್ನುತ್ತಿತ್ತು. ಬೆಂಗಳೂರಿನಲ್ಲಿ 1847ರಲ್ಲಿ ಶುರುವಾದದ್ದರ ಹೆಸರು ಲೂನಟಿಕ್ ಅಸೈಲಮ್. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮೆಂಟಲ್ ಹಾಸ್ಪಿಟಲ್ ಅಂತ ಕರೆಯಿತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಟ್ಟದ ಕಲಿಕೆಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕಾನೂನಿನ ಹೆಸರೂ ಹೀಗೇ ಬದಲಾಗಿದೆ. 1912ರದ್ದು ಲೂನಸಿ ಕಾಯ್ದೆ, 1987ರದ್ದು ಮಾನಸಿಕ ಆರೋಗ್ಯ ಕಾಯ್ದೆ, 2017ರದ್ದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಈಗಿನ ಕಾಯ್ದೆಯಲ್ಲಿ ರೋಗಿಯನ್ನು ಸರಪಳಿಯಲ್ಲಿ ಕಟ್ಟುವ ಹಾಗೇ ಇಲ್ಲ. ಗೌರವದಿಂದ ಬದುಕುವುದು ಅವರ ಹಕ್ಕು ಅಂತ ಬರೆದಿದೆ. ಹಲಗೆ, ಕಾಯ್ದೆ ಎಲ್ಲಾ ಬದಲಾಯಿತು, ಆಟೋದವರ ಬಾಯಲ್ಲಿ ಮಾತ್ರ ಇನ್ನೂ ಅದೇ ಹುಚ್ಚಾಸ್ಪತ್ರೆ.

ಇನ್ನೊಂದು ವಿಷಯ. ನಿಮ್ಹಾನ್ಸ್‌ಗೆ ಬರುವವರಲ್ಲಿ ಮೂರ್ಛೆರೋಗದವರು, ಪಾರ್ಶ್ವವಾಯು ಆದವರು, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಮಿದುಳಿನ ಗೆಡ್ಡೆ ಇರುವವರೂ ಇದ್ದಾರೆ. ನರರೋಗದ ವಿಭಾಗ ಅಲ್ಲಿ ಅಷ್ಟೇ ದೊಡ್ಡದು. "ಅವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂತ ನಗಾಡುವಾಗ, ಪಕ್ಕದಲ್ಲಿ ಕೂತವರ ಚೀಲದಲ್ಲಿ ಅಲ್ಲಿನ ಚೀಟಿ ಇರಬಹುದು. ದೊಡ್ಡಪ್ಪ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪಂಚಾಂಗದ ಒಳಗೆ ಇಟ್ಟಿದ್ದರು, ಮಡಿಕೆಯ ಗೆರೆಯಲ್ಲಿ ಹರಿದು ನಾಲ್ಕು ತುಂಡಾದರೂ ಎಸೆಯಲಿಲ್ಲ.

ಹಾಗಾದರೆ ಏನು ಅನ್ನಬೇಕು?

ಕಾಯಿಲೆಯ ಹೆಸರು ಗೊತ್ತಿದ್ದರೆ ಅದನ್ನೇ ಹೇಳಿ. "ಅವರಿಗೆ ಖಿನ್ನತೆ ಇದೆ", "ಅವರಿಗೆ ಸ್ಕಿಜೋಫ್ರೇನಿಯಾ ಇದೆ." ಗೊತ್ತಿಲ್ಲದಿದ್ದರೆ "ಮನಸ್ಸಿಗೆ ಹುಷಾರಿಲ್ಲ" ಸಾಕು. ಎಷ್ಟು ಚೆನ್ನಾದ ಮಾತು ಅದು! ಮೈಗೆ ಹುಷಾರಿಲ್ಲ ಅನ್ನುವ ಹಾಗೇ. "ಅವರಿಗೆ" ಅನ್ನುವುದನ್ನು ಉಳಿಸಿಕೊಳ್ಳಿ, "ಅವರು" ಬೇಡ. "ಮಾನಸಿಕ ಅಸ್ವಸ್ಥ" ಅಂತ ಪತ್ರಿಕೆಗಳು ಬರೆಯುತ್ತವೆ. ಹುಚ್ಚನಿಗಿಂತ ವಾಸಿ, ಆದರೆ ಅದೂ ಮತ್ತೆ ಮನುಷ್ಯನಿಗೇ ಅಂಟುವ ಪಟ್ಟಿ. "ಬುದ್ಧಿಮಾಂದ್ಯ" ಅಂತೂ ಇಲ್ಲಿ ತಪ್ಪೇ ತಪ್ಪು. ಬುದ್ಧಿ ಬೆಳವಣಿಗೆ ನಿಧಾನ ಇರುವುದು ಬೇರೆ ಸ್ಥಿತಿ, ಮನಸ್ಸಿನ ಕಾಯಿಲೆ ಬೇರೆ.

ಮತ್ತೆ, ನಮ್ಮ ಹಾಗೆ ನಡೆದುಕೊಳ್ಳದವರೆಲ್ಲ ಕಾಯಿಲೆಯವರಲ್ಲ. ಒಬ್ಬರೇ ಇರಲು ಇಷ್ಟಪಡುವವರು, ತಮ್ಮಷ್ಟಕ್ಕೆ ಹಾಡಿಕೊಳ್ಳುವವರು, ಮದುವೆ ಬೇಡ ಅಂದವರು, ನೌಕರಿ ಬಿಟ್ಟು ತೋಟ ಮಾಡಿದವರು. ಇವರಿಗೆ ಯಾವ ಪದವೂ ಬೇಕಾಗಿಲ್ಲ.

"ಮದುವೆ ಆದರೆ ಹುಚ್ಚು ಬಿಡುತ್ತೆ" ಅಂತಾರಲ್ಲ?

ಗಾದೆ ಹೇಳುವುದೇ ಬೇರೆ. "ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ." ಒಂದಕ್ಕೊಂದು ಗಂಟು ಬಿದ್ದು ಯಾವುದೂ ಆಗದ ಕೆಲಸಕ್ಕೆ ಹೇಳುವ ಮಾತು ಅದು, ಔಷಧಿ ಚೀಟಿ ಅಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ. ಮಾತ್ರೆ ನಿಂತರೆ ಕಾಯಿಲೆ ತಿರುಗುತ್ತದೆ. ಇಬ್ಬರ ಬಾಳೂ ಕೆಡುತ್ತದೆ. ಹೇಳಿ, ಒಪ್ಪಿದವರೊಂದಿಗೆ ಮಾಡಿ. ಚಿಕಿತ್ಸೆಯಲ್ಲಿದ್ದೇ ಚೆನ್ನಾಗಿ ಸಂಸಾರ ಮಾಡುವವರು ಎಷ್ಟೋ ಜನ.

ನಮ್ಮ ಮನೆಯಲ್ಲೇ ಒಬ್ಬರು ಇದ್ದಕ್ಕಿದ್ದ ಹಾಗೆ ಬದಲಾಗಿದ್ದಾರೆ. ಎಲ್ಲಿಗೆ ಹೋಗುವುದು?

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೇ ಓಡಬೇಕಾಗಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಹಳ್ಳಿಯ ಹತ್ತಿರವೇ ಈ ಚಿಕಿತ್ಸೆ ಸಿಗಬೇಕು ಅನ್ನುವ ಪ್ರಯೋಗ ಇಡೀ ಜಿಲ್ಲೆಯ ಮಟ್ಟದಲ್ಲಿ ಮೊದಲು ನಡೆದದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ನಿಮ್ಹಾನ್ಸ್‌ನವರು ತರಬೇತಿ ಕೊಟ್ಟರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು.

ಡಾಕ್ಟರ ಹತ್ತಿರ "ಹುಚ್ಚುಚ್ಚಾಗಿ ಆಡ್ತಾರೆ" ಅಂತ ಹೇಳಿ ನಿಲ್ಲಿಸಬೇಡಿ. ಆ ಒಂದು ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ದಿನದಿಂದ ನಿದ್ದೆ ಇಲ್ಲ, ಊಟ ಹೇಗೆ, ಯಾರೂ ಇಲ್ಲದಾಗ ಮಾತಾಡುತ್ತಾರಾ, ಯಾರೋ ಕೇಡು ಮಾಡುತ್ತಾರೆ ಅನ್ನುತ್ತಾರಾ, ಸಾಯುವ ಮಾತು ಬಂದಿದೆಯಾ, ಹೊಸದಾಗಿ ಯಾವ ಔಷಧಿ ಶುರುವಾಗಿದೆ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವಯಸ್ಸಾದವರು ಎರಡೇ ದಿನದಲ್ಲಿ ಗಲಿಬಿಲಿಗೊಂಡು ಏನೇನೋ ಮಾತಾಡಿದರೆ ಅದರ ಹಿಂದೆ ಮೂತ್ರದ ಸೋಂಕೋ, ಸೋಡಿಯಂ ಕಡಿಮೆಯಾದದ್ದೋ ಇರಬಹುದು. ತಡ ಮಾಡದೆ ಪರೀಕ್ಷೆ ಮಾಡಿಸಿ.

ಬೇರೆಯವರು ಈ ಪದ ಬಳಸಿದಾಗ ತಿದ್ದುವುದು ಹೇಗೆ? ಜಗಳ ಆಗಲ್ವಾ?

ಭಾಷಣ ಮಾಡಿದರೆ ಜಗಳವೇ. ನಾನು ಮಾಡುವುದು ಇಷ್ಟು: ಅವರು ಆಡಿದ ಮಾತನ್ನೇ ಹೆಸರು ಹಾಕಿ ತಿರುಗಿ ಹೇಳುತ್ತೇನೆ. ಐದಾರು ವರ್ಷದ ಹಿಂದೆ ಮದುವೆ ಕಾಗದ ಕೊಡಲು ಬಂದ ಹುಡುಗ ಊರ ಬಾಗಿಲಿನ ಅಂಗಡಿಯಲ್ಲಿ ನಮ್ಮ ದೊಡ್ಡಪ್ಪನ ಮನೆ ಎಲ್ಲಿ ಅಂತ ಕೇಳಿದ. ಅಂಗಡಿಯವರು ಕಡಲೆಕಾಯಿ ತೂಗುತ್ತಾ ತಲೆ ಎತ್ತದೆ, "ಅದೇ, ಹುಚ್ಚಮ್ಮನ ಮನೆ, ಬಲಕ್ಕೆ ತಿರುಗಿ ಮೂರನೇದು" ಅಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಅವರ ಅಪ್ಪನ ಕಾಲದಿಂದ ಅದೇ ವಿಳಾಸ. ನಾನು ಪಕ್ಕದಲ್ಲೇ ನಿಂತಿದ್ದೆ. "ಹೌದಪ್ಪ, ಹುಣಸೇಮರದ ಮನೆ, ಜಯಮ್ಮನವರ ಮನೆ" ಅಂದೆ. ಅಂಗಡಿಯವರು ಒಂದು ಸಲ ನನ್ನ ಮುಖ ನೋಡಿದರು. ತಕ್ಕಡಿಗೆ ಇನ್ನೊಂದು ಹಿಡಿ ಕಡಲೆಕಾಯಿ ಹಾಕಿ, "ಹ್ಞೂಂ, ಹುಣಸೇಮರ ಇದೆ, ಗೊತ್ತಾಗುತ್ತೆ ಹೋಗು" ಅಂದರು. ಈಗ ಕೊರಿಯರಿನವರಿಗೂ ಅದೇ ಗುರುತು ಹೇಳುತ್ತಾರೆ.